ಮೂರನೇ ಗೇರಿಗೆ ಮೊದಲು

ಹಳದಿ ಕಾರು ಹೊಂಡದ ನೀರಿನಲ್ಲಿ ಅರ್ಧ ಮುಳುಗಿ ನಿಂತಿದ್ದನ್ನು ಕಂಡಾಗ ಟೈಸ್ಟೊ ರಾಸಿಗೆ ಮೊದಲು ಉಕ್ಕಿದ್ದು ಮರುಕವಲ್ಲ, ಸಿಟ್ಟು. ಸೊರಾಲಾ ಊರಿನ ಜಲ್ಲಿ ಹಾದಿಯ ಕಾರು ಪಂದ್ಯಕ್ಕೆ ಕಾರ್ಯದರ್ಶಿಯಾಗಿ ಅವನು ಹದಿನಾಲ್ಕು ಬೇಸಿಗೆ ಕಳೆದಿದ್ದ. ಕಾಲು ಮುರಿದುಕೊಂಡವರನ್ನು, ಬೇಲಿ ಮುರಿದವರನ್ನು, ತೀರ್ಪುಗಾರರ ಕುರ್ಚಿಯನ್ನೇ ಮುರಿದವರನ್ನು ಕಂಡಿದ್ದ. ಒಂದೊಂದಕ್ಕೂ ಅವನ ಪೆಟ್ಟಿಗೆಯಲ್ಲಿ ಒಂದೊಂದು ಅರ್ಜಿ ನಮೂನೆ ಇತ್ತು. ಚೀಟಿ ಎತ್ತಿ ಮಾರಾಟ ಗೊತ್ತಾದ ಕಾರು, ರುಜು ಬೀಳಲು ಇನ್ನೂ ಐವತ್ತು ನಿಮಿಷ ಇರುವಾಗ, ಊರೆಲ್ಲ ಕಾಫಿ ಕುಡಿಯುತ್ತಿರುವಾಗ ಹೋಗಿ ನೀರಿಗೆ ಬೀಳುವುದಕ್ಕೆ ಮಾತ್ರ ನಮೂನೆ ಇರಲಿಲ್ಲ.

ಈ ಪಂದ್ಯದ ಕಟ್ಟಳೆ ಫಿನ್ಲೆಂಡಿನ ಹಳ್ಳಿಹಳ್ಳಿಗೂ ಬಾಯಿಪಾಠ. ಯಾರು ಬೇಕಾದರೂ ಹಳೇ ಕಾರು ತಂದು ಓಡಿಸಬಹುದು. ಆದರೆ ಅಂದು ಓಡಿದ ಯಾವುದೇ ಕಾರನ್ನು, ಅಂದು ಓಡಿಸಿದ ಇನ್ನೊಬ್ಬರು ಒಕ್ಕೂಟ ಗೊತ್ತು ಮಾಡಿದ ಬೆಲೆಗೆ ಕೇಳಿದರೆ ಕೊಟ್ಟುಬಿಡಬೇಕು. ಇಬ್ಬರು ಮೂವರು ಕೇಳಿದರೆ ಚೀಟಿ. ಕೊಡುವುದಿಲ್ಲ ಎಂದವರ ಪಂದ್ಯದ ಲೈಸೆನ್ಸು ಅಲ್ಲಿಗೆ ಮುಗಿಯಿತು. ದುಡ್ಡಿದ್ದವನು ದುಬಾರಿ ಕಾರು ಕಟ್ಟಿ ಮೆರೆಯಬಾರದೆಂದು ಹಿರಿಯರು ಮಾಡಿದ ಏರ್ಪಾಡು ಅದು.

ಎಂಬತ್ತೇಳರ ಜುಲೈನ ಆ ಭಾನುವಾರ ಹೆಂಗಸರ ಪಂದ್ಯ ಗೆದ್ದದ್ದು ಆ ಹಳದಿ ಕಾರು. ಅದನ್ನು ಕಟ್ಟಿ ಓಡಿಸಿದವಳು ಬೇಕರಿಯಲ್ಲಿ ಕೆಲಸ ಮಾಡುವ ಹತ್ತೊಂಬತ್ತರ ಹುಡುಗಿ ಮೆರ್ವಿ ಕಾಂಟೊ. ಕಾರಿಗೆ ಮೂವರು ಕೈಯೆತ್ತಿದರು: ಲಾರಿ ಓಡಿಸುವ ಕೌಕೊ, ಒಂದು ಕಾಲದ ಚಾಂಪಿಯನ್ ಪೆಂಟ್ಟಿ, ಮತ್ತು ಕಾರು ಮನೆಯಲ್ಲೇ ಉಳಿಯಲಿ ಎಂದು ಮೆರ್ವಿಯ ಅಣ್ಣ ಇಸ್ಮೊ. ಎರಡೂವರೆಗೆ ಚೀಟಿ ಎತ್ತಿದಾಗ ಕೌಕೊನ ಹೆಸರು ಬಂತು. ನಾಲ್ಕು ಗಂಟೆಗೆ ರುಜು. ಅಲ್ಲಿಯವರೆಗೆ ಕಾರಿನ ಹೊಣೆ ಮಾರುವವರದು. ಕೀ ಸಮೇತ ತೀರ್ಪುಗಾರರ ಗೋಪುರದ ಕೆಳಗೆ ನಿಲ್ಲಿಸಿರಬೇಕು. ಮೂರೂ ಹತ್ತಕ್ಕೆ ಯಾರೋ ಅದನ್ನು ಹತ್ತಿ ಹೊರಟು, ಮೊದಲ ತಿರುವಿನಲ್ಲೇ ಹೊಂಡಕ್ಕೆ ಕೆಡವಿದ್ದರು.

ಯಾರೋ ಏನು, ಮೆರ್ವಿಯೇ ಎಂದು ಕ್ಯಾಂಟೀನಿನ ಇಡೀ ಸಾಲು ಹೇಳಿತು. ಅವಳು ಅದೇ ತಾನೇ ಒದ್ದೆ ಕೂದಲು ಹಿಂಡಿಕೊಳ್ಳುತ್ತಾ ಬಂದಿದ್ದಳು.

"ಸೌನಾ ಮನೇಲಿ ತಲೆ ತೊಳ್ಕೊತಿದ್ದೆ," ಎಂದಳು ಮೆರ್ವಿ. "ಇಡೀ ದಿನದ ಧೂಳು. ತಲೆ ತೊಳೆಯೋದೂ ತಪ್ಪಾ ಈಗ?"

"ಒಬ್ಬಳೇನಾ?" ಎಂದ ಟೈಸ್ಟೊ.

"ತಲೆ ತೊಳೆಯೋಕೆ ಸಾಕ್ಷಿ ಕರ್ಕೊಂಡು ಹೋಗ್ಬೇಕಿತ್ತಾ?"

ಹುಡುಗಿಯ ಈ ನಾಲಗೆಯೇ ಅವಳಿಗೆ ಮುಳುವು ಎಂದು ಟೈಸ್ಟೊ ಮನಸ್ಸಿನಲ್ಲೇ ಬೈದುಕೊಂಡ. ಬೇಕಂತಲೇ ಕಾರು ಕೆಡವಿದರೆ ಕೊಡುವುದಿಲ್ಲ ಎಂದಂತೆಯೇ ಲೆಕ್ಕ. ಲೈಸೆನ್ಸು ಹೋಗುತ್ತದೆ. ಇನ್ನು ಎರಡು ವಾರಕ್ಕೆ ರಾಷ್ಟ್ರಮಟ್ಟದ ಹೆಂಗಸರ ಪಂದ್ಯವಿತ್ತು; ಸೊರಾಲಾದಿಂದ ಅದಕ್ಕೆ ಆಯ್ಕೆಯಾದ ಮೊದಲನೆಯವಳು ಮೆರ್ವಿ.

"ಇದು ನಾನು ಕಟ್ಟಿದ ನಾಲ್ಕನೇ ಕಾರು," ಎಂದಳು ಅವಳು, ಈಗ ಸ್ವಲ್ಪ ತಗ್ಗಿದ ದನಿಯಲ್ಲಿ. "ಮೂರು ಮಾರಿದೀನಿ. ಇದನ್ನೂ ಮಾರ್ತಿದ್ದೆ. ಚಳಿಗಾಲ ಬಂದ್ರೆ ಐದನೇದು ಕಟ್ತೀನಿ. ನೀರಿಗ್ಯಾಕೆ ಹಾಕ್ಲಿ?"

ಪೆಂಟ್ಟಿ ಮುಂದೆ ಬಂದ. ಅವನು ತನ್ನ ವ್ಯಾನಿನಲ್ಲಿ ಮಲಗಿದ್ದನಂತೆ, ಸದ್ದಿಗೆ ಎಚ್ಚರವಾಯಿತಂತೆ. "ನಾ ಸುಳ್ಳು ಹೇಳಲ್ಲ. ಎಂಜಿನ್ನು ಕಿರುಚೋ ಹಾಗೆ ರೇಸ್ ಕೊಟ್ಟಿದಾರೆ. ಅಷ್ಟು ರೇಸಲ್ಲಿ ಗೇರು ಹಾಕಿದ್ರೂ ಕಿರಿಕ್ ಅನ್ಲಿಲ್ಲ, ಬೆಣ್ಣೆ ಥರ ಬಿತ್ತು. ಆ ಗಾಡೀಲಿ ಹಾಗೆ ಗೇರು ಹಾಕೋರು ಈ ಊರಲ್ಲಿ ಒಬ್ಬಳೇ."

ಹೊಗಳಿಕೆಯೇ ಕುಣಿಕೆಯಾದದ್ದನ್ನು ಟೈಸ್ಟೊ ಅಂದೇ ನೋಡಿದ್ದು. ಅವನಿಗೂ ಹಾಗೆಯೇ ಕೇಳಿಸಿತ್ತು. ಗೋಪುರದ ಕಚೇರಿಯಲ್ಲಿ ಗಂಡಸರ ಪಂದ್ಯದ ಫಲಿತಾಂಶ ಟೈಪು ಮಾಡುತ್ತಿದ್ದ ಅವನು, ಕಿಟಕಿ ಆ ಕಡೆಗಿಲ್ಲದ್ದರಿಂದ ಏನನ್ನೂ ನೋಡಿರಲಿಲ್ಲ, ಕೇಳಿದ್ದ, ಅಷ್ಟೇ. ಆ ಫಲಿತಾಂಶವನ್ನು ಹಾಗೆಯೇ ಜೇಬಿಗೆ ತುರುಕಿ ಓಡಿ ಬಂದಿದ್ದ. ಈಗ ಮತ್ತೆ ಗೋಪುರ ಹತ್ತಿ ಮೆರ್ವಿಯ ಮೇಲೆ ದೂರು ಬರೆಯಲು ಕುಳಿತ. ಮೂರು ಪ್ರತಿ, ನಡುವೆ ಕಾರ್ಬನ್ ಹಾಳೆ.

"ಕಾರ್ಬನ್ ಉಲ್ಟಾ ಇಟ್ಟಿದೀಯ," ಎಂದರು ಲೆಂಪಿ.

ಲೆಂಪಿ ಹಾರ್ಯು ಕಿಟಕಿಯ ಬಳಿ ಕಾಲುಚೀಲ ಹೆಣೆಯುತ್ತಾ ಕುಳಿತಿದ್ದರು. ಮೂವತ್ತೊಂದು ವರ್ಷ ಊರಿಗೆಲ್ಲ ಕಾರು ಕಲಿಸಿ ನಿವೃತ್ತರಾದವರು. ಡೈರಿಯ ಕಳ್ಳನನ್ನು ಹಿಡಿದದ್ದು, ಚರ್ಚಿನ ಬೆಳ್ಳಿ ಬಟ್ಟಲು ಹುಡುಕಿದ್ದು ಎಲ್ಲ ಅವರೇ. ಪೊಲೀಸಿನವನೇ ತಲೆ ಕೆಟ್ಟಾಗ ಏಲಕ್ಕಿ ಬನ್ನಿನ ಪೊಟ್ಟಣ ಹಿಡಿದು ಅವರ ಮನೆಗೆ ಹೋಗುತ್ತಿದ್ದ. ಪ್ರತಿ ಪಂದ್ಯದ ದಿನವೂ ಅವರು ಗೋಪುರದಲ್ಲಿ ಕೂತು ಕಣ್ಣು ಮುಚ್ಚಿ ಹೆಣೆಯುತ್ತಿದ್ದರು. ಯಾರಾದರೂ ಗೇರು ತಪ್ಪಿಸಿದರೆ ಹಲ್ಲು ನೋವು ಬಂದವರಂತೆ ಮುಖ ಕಿವಿಚುತ್ತಿದ್ದರು. ಈ ಗಲಾಟೆ ನಡೆದಾಗ ಮಾತ್ರ ಅವರು ಕ್ಯಾಂಟೀನಿನಲ್ಲಿ ಬಟಾಣಿ ಸೂಪಿನ ಸಾಲಿನಲ್ಲಿದ್ದರು. ಆ ಗದ್ದಲದಲ್ಲಿ ಏನೂ ಕೇಳಿರಲಿಲ್ಲ. ಅದೇ ಅವರಿಗೆ ಕೋಪ.

"ನೀನು ಕೇಳಿದ್ದನ್ನ ಹೇಳು," ಎಂದರು. "ಅಂದ್ಕೊಂಡಿದ್ದನ್ನಲ್ಲ. ಕೇಳಿದ್ದನ್ನ."

"ಹೇಳಿದ್ನಲ್ಲ, ಅವಳದೇ ಎಂಜಿನ್ನು. ಜೋರಾಗಿ ರೇಸ್ ಬಂತು. ನಿಂತೇ ಹೋಯ್ತೇನೋ ಅಂದ್ಕೊಂಡೆ, ಮತ್ತೆ ಬಂತು. ಮತ್ತೆ ನಿಂತ ಹಾಗಾಯ್ತು. ಆಮೇಲೆ ದಢ್ ಅಂತ ನೀರು."

"ನಿಂತ ಹಾಗೆ ಅಂದ್ರೆ? ಎಷ್ಟು ಹೊತ್ತು?"

"ಎಷ್ಟು ಹೊತ್ತು ಅಂದ್ರೆ... ನಾನು ಟೈಪು ಬಿಟ್ಟು ತಲೆ ಎತ್ತೋಷ್ಟು ಹೊತ್ತು. ಲೆಂಪಿ, ನಾಲ್ಕೂಕಾಲಾಯ್ತು. ಈ ದೂರು ಇವತ್ತೇ ಅಂಚೆಗೆ ಬೀಳ್ಬೇಕು."

"ಅಂಚೆ ಭಾನುವಾರ ಹೋಗಲ್ಲ ಕಣಯ್ಯಾ," ಎಂದು ಅವರು ಹೆಣಿಗೆ ಮಡಚಿಟ್ಟು ಎದ್ದರು. ಟೈಸ್ಟೊ ಪೆನ್ನು ಕೆಳಗಿಟ್ಟು ನಿಟ್ಟುಸಿರು ಬಿಟ್ಟು ಹಿಂದೆ ಹೋದ.

ಪಂದ್ಯ ಮುಗಿದ ಮೇಲೆ ಹಾದಿಗೆಲ್ಲ ನೀರು ಹೊಡೆಯಬೇಕೆಂದು ಆಚೆ ಮನೆಗಳವರೊಡನೆ ಕರಾರಾಗಿತ್ತು. ಇಲ್ಲದಿದ್ದರೆ ಒಣಹಾಕಿದ ಬಟ್ಟೆಯ ಮೇಲೆಲ್ಲ ಧೂಳು. ಆ ಕೆಲಸ ಕೌಕೊನ ಟ್ಯಾಂಕರಿನದು. ಹಾಗಾಗಿ ಒದ್ದೆ ಜಲ್ಲಿಯ ಮೇಲೆ ಅಂದು ಟ್ಯಾಂಕರಿನ ಅಗಲ ಪಟ್ಟೆಯಲ್ಲದೆ ಒಂದೇ ಕಾರಿನ ಗುರುತಿತ್ತು. ಲೆಂಪಿ ಅದರ ಪಕ್ಕದಲ್ಲೇ ನಡೆದರು. ಟೈಸ್ಟೊ ಸೊಳ್ಳೆ ಹೊಡೆಯುತ್ತಾ ನಡೆದ. ಮೂವತ್ತು ಹೆಜ್ಜೆಯ ಮೇಲೆ ಅವರು ಮಂಡಿಯೂರಿದರು.

"ನೋಡು. ಹಿಂದಿನ ಚಕ್ರ ಇಲ್ಲಿ ಜಲ್ಲೀನ ಯಾವ ಕಡೆ ತಳ್ಳಿದೆ?"

"ಮುಂದಕ್ಕೆ." ಎರಡು ಚಕ್ರದ ಗುರುತಿನ ತುದಿಯಲ್ಲೂ ಅಂಗೈಯಷ್ಟು ಜಲ್ಲಿ ಗುಡ್ಡೆಯಾಗಿತ್ತು. "ಬ್ರೇಕ್ ಹಾಕಿರ್ಬೇಕು."

"ನೆಟ್ಟಗಿರೋ ದಾರೀಲಿ, ಹೊರಟು ಮೂವತ್ತು ಹೆಜ್ಜೆಗೆ, ಬರೀ ಹಿಂದಿನ ಚಕ್ರಕ್ಕೆ?"

ತಿರುವಿನ ಬಾಯಲ್ಲಿ ಇನ್ನೊಂದು ಗುಡ್ಡೆ ಇತ್ತು, ಇದಕ್ಕಿಂತ ದೊಡ್ಡದು. ಅಲ್ಲಿಂದ ಮುಂದೆ ಹಿಂದಿನ ಚಕ್ರದ ಗುರುತು ಹೊರಕ್ಕೆ ಬಾಗಿ, ಮುಂದಿನದನ್ನು ದಾಟಿ, ಹೊಂಡದ ಅಂಚಿಗೆ ಹೋಗಿತ್ತು. ಲೆಂಪಿ ತಲೆಯಾಡಿಸಿ ವಾಪಸಾದರು. ದಾರಿಯಲ್ಲಿ ನಿಂತಿದ್ದ ಟ್ಯಾಂಕರಿಗೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದರು. ಅದು ಖಾಲಿ ಡಬ್ಬದ ಸದ್ದು ಮಾಡಿತು. ಕಂಡದ್ದನ್ನೆಲ್ಲ ಬಡಿದು ನೋಡುವ ಈ ಚಾಳಿ ಟೈಸ್ಟೊಗೆ ಹಿಂದಿನಿಂದಲೂ ಆಗುತ್ತಿರಲಿಲ್ಲ.

ಹಬೆಸ್ನಾನದ ಸೌನಾ ಮನೆಯ ಮೆಟ್ಟಿಲ ಮೇಲೆ ಮೆರ್ವಿ ಮುಖ ಊದಿಸಿಕೊಂಡು ಕುಳಿತಿದ್ದಳು. ಲೆಂಪಿ ಅವಳ ಬಟ್ಟೆಯ ಶೂಗಳನ್ನು ನೋಡಿದರು, ಧೂಳಿನಿಂದ ಬೆಳ್ಳಗಾಗಿದ್ದವು.

"ಫ್ಲೈವೀಲ್ ಏನು ಮಾಡಿದೀಯಮ್ಮ?"

ಮೆರ್ವಿ ಹುಬ್ಬೇರಿಸಿದಳು. "ಲೇತ್‌ಗೆ ಹಾಕಿ ತೆಳ್ಳಗೆ ಮಾಡಿದೀನಿ, ಟೀಚರ್. ಅರ್ಧಕ್ಕರ್ಧ. ರೂಲಲ್ಲಿ ಬೇಡ ಅಂತಿಲ್ಲ. ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಸಾಕು, ರೇಸ್ ಪಟ್ ಅಂತ ಇಳಿಯತ್ತೆ."

"ಯಾರಿಗೆ ಗೊತ್ತು ಇದು?"

"ಯಾರೂ ಕೇಳ್ಲಿಲ್ಲ. ಎಲ್ರೂ ಕಾರ್ಬೊರೇಟರ್ ಏನು, ಪೆಟ್ರೋಲಿಗೆ ಏನು ಬೆರೆಸ್ತೀಯ ಅಂತಾನೇ ಕೇಳೋದು."

ಹೊಂಡಕ್ಕೆ ಬಿದ್ದ ಕಾರಿಗೂ ಎಂಜಿನ್ನಿನ ಹಿಂದೆ ತಿರುಗುವ ಕಬ್ಬಿಣದ ಚಕ್ರಕ್ಕೂ ಏನು ಸಂಬಂಧವೆಂದು ಟೈಸ್ಟೊ ಕೇಳಿದ. ಲೆಂಪಿ ಉತ್ತರವಾಗಿ ಕೈ ಚಾಚಿ, "ನಿನ್ನ ಕಾರಿನ ಕೀ ಕೊಡು," ಎಂದರು.

ಆ ಕಾರನ್ನು ಟೈಸ್ಟೊ ಏಪ್ರಿಲ್‌ನಲ್ಲಿ ಕೊಂಡಿದ್ದ. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಇನ್ನೂ ತೆಗೆದಿರಲಿಲ್ಲ. ಈಗ ಅದರಲ್ಲಿ ಕೌಕೊ, ಪೆಂಟ್ಟಿ, ಇಸ್ಮೊ ಮೂವರೂ ಒಬ್ಬರಾದ ಮೇಲೊಬ್ಬರು ದಿಬ್ಬ ಹತ್ತಬೇಕಂತೆ. ಎಂಜಿನ್ನು ಕಿರುಚುವವರೆಗೆ ರೇಸ್ ಕೊಟ್ಟು, ಆಮೇಲೆ ಎರಡನೇ ಗೇರು, ಆಮೇಲೆ ಮೂರನೆಯದು.

"ಮತ್ತೆ ಪರೀಕ್ಷೆನಾ, ಟೀಚರ್?" ಎಂದು ಪೆಂಟ್ಟಿ ನಕ್ಕ. ಆದರೂ ಹತ್ತಿದ. ಆ ಊರಿನಲ್ಲಿ ಲೆಂಪಿಗೆ ಇಲ್ಲ ಎಂದವರಿಲ್ಲ. ಎಲ್ಲರನ್ನೂ ಅವರು ಒಂದಲ್ಲ ಒಂದು ಸಲ ಫೇಲು ಮಾಡಿದ್ದರು. ಟೈಸ್ಟೊನನ್ನು ಎರಡು ಸಲ.

ಪೆಂಟ್ಟಿ ಆಕ್ಸಿಲರೇಟರಿನಿಂದ ಕಾಲನ್ನೇ ತೆಗೆಯದೆ ಗೇರನ್ನು ಗುದ್ದಿದ. ಹಿಂದಿನ ಸೀಟಿನಲ್ಲಿದ್ದ ಟೈಸ್ಟೊನ ತಲೆ ಹೋಗಿ ಗಾಜಿಗೆ ಬಡಿಯಿತು. ಇಸ್ಮೊ ರೇಸ್ ಇಳಿಯುವ ಮೊದಲೇ ಕ್ಲಚ್ಚು ಬಿಟ್ಟ. ಹಿಂದಕ್ಕೆ ಹಾರಿದ ಜಲ್ಲಿ ಕ್ಯಾಂಟೀನಿನ ತಗಡಿಗೆ ಸುರಿಯಿತು. ಕೌಕೊ ಒಬ್ಬನೇ ಮನುಷ್ಯನಂತೆ ಓಡಿಸಿದವನು. ರೇಸ್ ಕೊಟ್ಟ, ಕ್ಲಚ್ಚು ಒತ್ತಿ ಗೇರು ಬಿಡಿಸಿದ, ರೇಸ್ ಇಳಿಯಲೆಂದು ನೆಮ್ಮದಿಯಾಗಿ ಕಾದ, ಇನ್ನೊಮ್ಮೆ ಕ್ಲಚ್ಚು ಒತ್ತಿ ಗೇರು ಹಾಕಿದ. ಅವನ ಒದ್ದೆ ಪ್ಯಾಂಟಿನ ಕೆಳಗೆ ಸೀಟಿನ ಪ್ಲಾಸ್ಟಿಕ್ಕು ಕೂಡ ಸದ್ದು ಮಾಡಲಿಲ್ಲ. ಇಂಥವನಿಗೆ ಮಾರಾಟವಾದ ಕಾರನ್ನು ಕೆಡವಿದಳಲ್ಲ ಎಂದು ಟೈಸ್ಟೊಗೆ ಮೆರ್ವಿಯ ಮೇಲೆ ಮತ್ತಷ್ಟು ರೇಗಿತು.

"ಎಲ್ರನ್ನೂ ಕ್ಯಾಂಟೀನಿಗೆ ಕರಿ," ಎಂದರು ಲೆಂಪಿ.

ಐದೂವರೆಗೆ ಎಲ್ಲರೂ ಉದ್ದ ಮೇಜಿನ ಸುತ್ತ ಸೇರಿದರು. ಇಸ್ಮೊ ಸಾಸಿವೆ ಹಚ್ಚಿದ ಸಾಸೇಜು ಕಚ್ಚುತ್ತಾ ಯಾರ ಮುಖವನ್ನೂ ನೋಡದೆ ಕುಳಿತ. ಚೀಟಿ ಕೈತಪ್ಪಿದ ಸಿಟ್ಟಿಗೆ ಅವನು ಒಂಟಿಯಾಗಿ ಕಾಡಿನ ಕಡೆ ಹೋಗಿದ್ದನಂತೆ. ಅದಕ್ಕೂ ಸಾಕ್ಷಿ ಇರಲಿಲ್ಲ. ಕೌಕೊ ಸಮಾಧಾನದ ದನಿಯಲ್ಲೇ ಶುರು ಮಾಡಿದ.

"ನಂಗ್ಯಾರ ಮೇಲೂ ದ್ವೇಷ ಇಲ್ಲ. ಹುಡುಗಿ, ಬೇಜಾರಲ್ಲಿ ಮಾಡಿದಾಳೆ. ಆದ್ರೆ ನೀರು ಕುಡಿದಿರೋ ಗಾಡಿ ನಂಗೆ ಬೇಡ. ರುಜು ಹಾಕಲ್ಲ. ಅಷ್ಟೇ ನಂದು."

"ಗಾಡಿ ಬಿದ್ದಾಗ ನೀನೆಲ್ಲಿದ್ದೆ?" ಎಂದರು ಲೆಂಪಿ.

"ದಿಬ್ಬದಾಚೆ, ಹೊಳೆ ಹತ್ರ. ಇನ್ನೊಂದು ಸುತ್ತು ನೀರು ಹೊಡೆಯೋಣ ಅಂತ ಟ್ಯಾಂಕು ತುಂಬಿಸ್ತಿದ್ದೆ. ಪಂಪಿನ ಗಲಾಟೇಲಿ ಏನೂ ಕೇಳಿಸ್ಲಿಲ್ಲ. ಜನ ಓಡೋದು ಕಂಡು ಹಾಗೇ ಗಾಡಿ ತಗೊಂಡು ಬಂದೆ."

"ಸರಿ." ಲೆಂಪಿ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಮೊದಲು ನೀವೆಲ್ಲ ಮಾಡಿದ ತಪ್ಪು ಹೇಳ್ತೀನಿ. ಗಾಡೀನ ಬೇಕಂತ ಕೆಡವಿದಾರೆ ಅಂದ್ಕೊಂಡ್ರಿ. ಯಾರಾದ್ರೂ ಹೋಗಿ ಗುರುತು ನೋಡಿದ್ರಾ? ಬೇಕಂತ ಕೆಡವೋನು ನೆಟ್ಟಗೆ ಹೊಂಡಕ್ಕೆ ಬಿಡ್ತಾನೆ. ಇಲ್ಲಿ ಹಿಂಭಾಗ ತಿರುಗಿಕೊಂಡಿದೆ. ಓಡಿಸಿದೋನು ತಿರುವು ತಗೊಳ್ಳೋಕೇ ನೋಡಿದಾನೆ, ಗಾಡಿ ಕೈಬಿಟ್ಟಿದೆ."

"ಬ್ರೇಕ್ ಹಾಕಿರ್ಬೇಕು," ಎಂದ ಪೆಂಟ್ಟಿ.

"ಟೈಸ್ಟೊನೂ ಅದನ್ನೇ ಅಂದ. ಬ್ರೇಕಾದ್ರೆ ಮುಂದಿನ ಚಕ್ರನೂ ಗುರುತು ಬಿಡ್ಬೇಕು. ಇಲ್ಲಿ ಎಂಜಿನ್ನಿಗೆ ಸೇರಿದ ಹಿಂದಿನ ಚಕ್ರ ಮಾತ್ರ ಜಲ್ಲಿ ತಳ್ಳಿದೆ, ಅದೂ ಮುಂದಕ್ಕೆ. ಎರಡು ಕಡೆ. ಒಂದು ಎರಡನೇ ಗೇರು ಬೀಳೋ ಜಾಗ, ಇನ್ನೊಂದು ಮೂರನೇದು. ಈಗ ಕೇಳಿ. ಜಾಸ್ತಿ ರೇಸಲ್ಲಿ ಗೇರು ಬದಲಾಯಿಸ್ವಾಗ ಎಂಜಿನ್ನಿನ ಓಟ ಇಳಿದು ಮುಂದಿನ ಗೇರಿನ ಓಟಕ್ಕೆ ಸರಿಹೋಗ್ಬೇಕು. ಆ ಗಳಿಗೆಗೆ ಕ್ಲಚ್ಚು ಬಿಟ್ರೆ ಗಾಡಿಗೆ ಗೊತ್ತೇ ಆಗಲ್ಲ. ಮುಂಚೆ ಬಿಟ್ರೆ?"

"ಎಗರತ್ತೆ," ಎಂದ ಇಸ್ಮೊ.

"ಜಲ್ಲಿ ಹಿಂದಕ್ಕೆ ಹಾರತ್ತೆ. ಪೆಂಟ್ಟಿ, ಇಸ್ಮೊ, ನಿಮ್ಮಿಬ್ಬರ ಥರ. ಕ್ಯಾಂಟೀನಿನ ತಗಡು ಕೇಳಿ, ಹೇಳತ್ತೆ. ತಡವಾಗಿ ಬಿಟ್ರೆ? ಅಷ್ಟೊತ್ತಿಗೆ ಎಂಜಿನ್ನು ಸುಸ್ತಾಗಿರತ್ತೆ, ಚಕ್ರ ಇನ್ನೂ ಓಡ್ತಿರತ್ತೆ. ಎಂಜಿನ್ನು ಚಕ್ರಾನ ಹಿಡ್ಕೊಂಡುಬಿಡತ್ತೆ. ಜಲ್ಲಿ ಮುಂದಕ್ಕೆ ಹೋಗತ್ತೆ. ತಿರುವಲ್ಲಿ ಹಾಗಾದ್ರೆ ಹಿಂಭಾಗ ತಿರುಗತ್ತೆ."

"ಆದ್ರೆ ಗೇರು ಬೆಣ್ಣೆ ಥರ ಬಿತ್ತಲ್ಲ," ಎಂದ ಪೆಂಟ್ಟಿ ಬಿಡದೆ.

"ಬೀಳ್ದೆ ಏನು ಮಾಡತ್ತೆ? ಅಷ್ಟು ಹೊತ್ತು ಕಾದ್ರೆ ಯಾವ ಗೇರಾದ್ರೂ ಬೀಳತ್ತೆ. ಕಿರಿಕ್ ಅನ್ಲಿಲ್ಲ ಅಂತ ನೀನು ಜಾಣತನ ಅಂದ್ಕೊಂಡೆ. ಮಧ್ಯೆ ಎಷ್ಟು ಹೊತ್ತು ಸದ್ದೇ ಇರ್ಲಿಲ್ಲ ಅನ್ನೋದನ್ನ ಕೇಳಿಸ್ಕೊಳ್ಳಲೇ ಇಲ್ಲ. ಟೈಸ್ಟೊ ಕೇಳಿಸ್ಕೊಂಡ. ಎಂಜಿನ್ನು ನಿಂತೇ ಹೋಯ್ತು ಅಂದ್ಕೊಂಡ. ಆಮೇಲೆ ಆ ಮಾತನ್ನ ಬಿಟ್ಟು ದೂರು ಬರೆದ."

ಟೈಸ್ಟೊಗೆ ಬಂದ ಸಿಟ್ಟು ಈ ಸಲ ಯಾರ ಮೇಲೂ ಹಾಕಲಾಗದೆ ಅವನ ಹತ್ತಿರವೇ ಉಳಿಯಿತು.

"ಮೆರ್ವಿ ಫ್ಲೈವೀಲ್‌ನ ಅರ್ಧ ತೆಗೆದಿದಾಳೆ," ಎಂದು ಲೆಂಪಿ ಮುಂದುವರಿಸಿದರು. "ಆ ಗಾಡೀಲಿ ಕಾಲು ತೆಗೆದ್ರೆ ರೇಸ್ ತಟ್ಟನೆ ಬಿದ್ದುಹೋಗತ್ತೆ. ಕಾಯೋ ಹಾಗೇ ಇಲ್ಲ. ಕಟ್ಟಿದೋಳಿಗೆ ಅದು ಗೊತ್ತು. ಬೆಳಿಗ್ಗೆಯಿಂದ ನಾನು ಕೇಳಿದೀನಿ, ಗೇರಿನ ಮಧ್ಯೆ ಒಂದು ಹೊಲಿಗೆ ಹಾಕೋಷ್ಟೂ ಬಿಡುವಿರಲಿಲ್ಲ. ಹಾಗಾದ್ರೆ ಓಡಿಸಿದೋನು ಕಾದು ಕಾದು ಅಭ್ಯಾಸ ಆಗಿರೋನು. ಭಾರದ ಎಂಜಿನ್ನು, ಎರಡೆರಡು ಸಲ ಕ್ಲಚ್ಚು ಒತ್ತೋ ಗಾಡಿ. ಮರ ಸಾಗಿಸೋ ಲಾರಿ. ಎಷ್ಟು ವರ್ಷ ಆಯ್ತು ಕೌಕೊ, ಲಾರಿ ಶುರು ಮಾಡಿ?"

"ಇಪ್ಪತ್ತಾರು," ಎಂದ ಕೌಕೊ.

"ಟೈಸ್ಟೊನ ಕಾರಲ್ಲಿ ನೀನು ಚೆನ್ನಾಗೇ ಓಡಿಸ್ದೆ. ಅದರ ಫ್ಲೈವೀಲ್ ಭಾರ ಇದೆ, ನಿನ್ನ ಕಾಯೋದಕ್ಕೆ ಸರಿಹೋಯ್ತು. ಹಳದಿ ಗಾಡಿಗೆ ಸರಿಹೋಗ್ಲಿಲ್ಲ."

"ಇಷ್ಟಕ್ಕೇ ನಾನಾ? ಲಾರಿ ಓಡಿಸೋರು ಊರಲ್ಲಿ ಹತ್ತು ಜನ ಇದಾರೆ."

"ಇದಾರೆ. ಇವತ್ತು ತೊಡೆವರೆಗೆ ಒದ್ದೆಯಾಗಿರೋನು ನೀನೊಬ್ಬ. ನೀರಿನ ಟ್ಯಾಂಕರಿನೋನು ಒದ್ದೆಯಾಗಿದ್ರೆ ಯಾರೂ ತಿರುಗಿ ನೋಡಲ್ಲ, ಅದೇ ನಿನ್ನ ಪುಣ್ಯ. ಈ ಹುಡುಗಿದು ಕೂದಲು ಒದ್ದೆ, ಶೂ ಒಣಗಿದೆ. ಹೊಂಡದಿಂದ ಎದ್ದು ಬಂದೋರದು ಅದಕ್ಕೆ ಉಲ್ಟಾ ಇರತ್ತೆ. ಇನ್ನೊಂದು. ಹೊಳೆ ಹತ್ರ ಪಂಪ್ ಹಾಕಿ ತುಂಬಿಸ್ತಿದ್ದೆ ಅಂದೆ. ನಿನ್ನ ಟ್ಯಾಂಕು ಬಡಿದು ನೋಡ್ದೆ. ಒಂದು ಬಕೆಟ್ ನೀರೂ ಇಲ್ಲ."

ಕೌಕೊ ತನ್ನ ದೊಡ್ಡ ಕೈಗಳನ್ನು ಮೇಜಿನ ಮೇಲಿಟ್ಟು ನೋಡಿಕೊಂಡ.

"ಒಂದು ಸುತ್ತು ಹೊಡೆದು ವಾಪಸ್ ನಿಲ್ಸೋಣ ಅಂತ," ಎಂದ ಕೊನೆಗೆ. "ಹೇಗೂ ನಾಲ್ಕಕ್ಕೆ ನಂದೇ ಆಗೋದು. ಟ್ಯಾಂಕರು ಆ ಕಡೆ ನಿಲ್ಲಿಸಿ ನಡ್ಕೊಂಡು ಬಂದೆ. ಅದರೊಳಗೆ ಅಂಥಾದ್ದು ಏನಿದೆ, ಹೇಗೆ ಗೆಲ್ತಾಳೆ ಅಂತ ತಡ್ಕೊಳ್ಳೋಕಾಗ್ಲಿಲ್ಲ. ಮೂರನೇ ಗೇರಿಗೆ ಹೋಗ್ತಿದ್ದ ಹಾಗೆ ಆಕಾಶ ತಿರುಗ್ತು."

"ಅದನ್ನ ಆಗ್ಲೇ ಹೇಳ್ಬಹುದಿತ್ತು."

"ಹೇಳಿದ್ರೆ ಆ ಹೆಣ ನಾನೇ ಕೊಳ್ಬೇಕಿತ್ತಲ್ಲ, ಟೀಚರ್."

ಮೆರ್ವಿ ಎದ್ದು ನಿಂತಳು. "ಗಾಡಿ ಹೋದ್ರೆ ಹೋಗ್ಲಿ. ಎರಡು ಗಂಟೆ ಹೊತ್ತು ನನ್ನ ಮುಖ ನೋಡ್ಕೊಂಡು ಕೂತಿದ್ಯಲ್ಲ, ಕೌಕಣ್ಣ. ಬೇಜಾರಲ್ಲಿ ಮಾಡಿದಾಳೆ ಅಂತ ಕನಿಕರ ಬೇರೆ ತೋರಿಸ್ದೆ. ನನ್ನ ಲೈಸೆನ್ಸು ಹೋಗ್ತಿತ್ತು. ಅದನ್ನ ಇನ್ನೊಂದು ಚಳಿಗಾಲ ಕೂತು ಕಟ್ಟೋಕಾಗಲ್ಲ."

ಟೈಸ್ಟೊ ದೂರಿನ ಮೂರೂ ಪ್ರತಿಗಳನ್ನು ಹರಿದು ಒಲೆಗೆ ಹಾಕಿದ, ಕಾರ್ಬನ್ ಹಾಳೆಗಳ ಸಮೇತ. ಹುಡುಗಿಯ ಕಡೆ ತಿರುಗಿ, "ತಪ್ಪಾಯ್ತು ಕಣಮ್ಮ, ಕೇಳಿದ್ದನ್ನ ಹೇಳ್ಬೇಕಿತ್ತು," ಎಂದ. ಹದಿನಾಲ್ಕು ಬೇಸಿಗೆಯಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಆಮೇಲೆ ಮಾರಾಟದ ಕಾಗದವನ್ನು ಕೌಕೊನ ಮುಂದಿಟ್ಟ. ಕೌಕೊ ರುಜು ಹಾಕಿದ. ಹೊಂಡದಲ್ಲಿದ್ದ ಹಳದಿ ಕಾರು ಈಗ ಅವನದು.

ಜೇಬಿಗೆ ಕೈ ಹಾಕಿದಾಗ ಟೈಸ್ಟೊಗೆ ಮಡಚಿದ ಹಾಳೆ ಸಿಕ್ಕಿತು: ಗಂಡಸರ ಪಂದ್ಯದ ಫಲಿತಾಂಶ, ಈ ಗಲಾಟೆಯಲ್ಲಿ ಹಚ್ಚದೆಯೇ ಉಳಿದದ್ದು. ತನ್ನನ್ನು ತಾನೇ ಶಪಿಸಿಕೊಳ್ಳುತ್ತಾ ಹೋಗಿ ಹಲಗೆಗೆ ಹಚ್ಚಿದ. ಫಲಿತಾಂಶ ಹಚ್ಚಿದ ಅರ್ಧ ಗಂಟೆಯವರೆಗೆ ಆ ಪಂದ್ಯದ ಕಾರುಗಳನ್ನು ಕೇಳಬಹುದೆಂಬುದು ಕಟ್ಟಳೆ. ಅವನು ಪಿನ್ನು ಒತ್ತಿ ತಿರುಗುವಷ್ಟರಲ್ಲಿ ಮೆರ್ವಿ ಪೆನ್ನು ಹಿಡಿದು ನಿಂತಿದ್ದಳು.

"ಕೌಕಣ್ಣನ ಗಾಡಿ. ಬರ್ಕೊಳ್ಳಿ."

ಕೌಕೊ ಕುರ್ಚಿ ತಳ್ಳಿ ಬಂದ. "ಅದು ಒಂಬತ್ತನೇ ಸ್ಥಾನ ಬಂದಿರೋ ಗಾಡಿ ಕಣಮ್ಮ. ಏನು ಮಾಡ್ತೀಯ ಅದನ್ನ?"

"ಗೊತ್ತು," ಎಂದಳು ಮೆರ್ವಿ. "ಗಾಡೀದಲ್ಲ ತಪ್ಪು."

ಅರ್ಧ ಗಂಟೆ ಕಳೆದರೂ ಬೇರೆ ಯಾರೂ ಅದನ್ನು ಕೇಳಲಿಲ್ಲ. ಕೊಡೆನೆನ್ನುವ ಹಾಗಿರಲಿಲ್ಲ. ಕೌಕೊ ಕೀ ಕೊಟ್ಟ. ಮೆರ್ವಿ ಹೆಲ್ಮೆಟ್ ಹಾಕಿಕೊಂಡು, ಸೀಟಿಗೆ ಎರಡು ದಿಂಬು ಇಟ್ಟು, ಆ ಭಾರದ ಕಾರನ್ನು ಹಾದಿಗೆ ತಂದಳು. ಎಲ್ಲರೂ ಕ್ಯಾಂಟೀನಿನ ಹೊರಗೆ ಬಂದು ನಿಂತರು. ಲೆಂಪಿ ಕಣ್ಣು ಮುಚ್ಚಿಕೊಂಡರು. ಕಾರು ಕಿರುಚಿ ಹೊರಟಿತು, ದಿಬ್ಬ ಹತ್ತಿತು, ತಿರುವು ದಾಟಿತು. ಅದರ ದನಿ ಮೇಲೇರಿ, ಒಂಚೂರು ಇಳಿದು, ಎಲ್ಲೂ ಕಡಿಯದೆ ಮುಂದಕ್ಕೆ ಹೋಗುತ್ತಿತ್ತು. ಒದ್ದೆ ಜಲ್ಲಿ ಹಿಂದಕ್ಕೂ ಹಾರಲಿಲ್ಲ, ಮುಂದಕ್ಕೂ ಸರಿಯಲಿಲ್ಲ.

ಕೌಕೊ ಕತ್ತು ಚಾಚಿ ಕೇಳುತ್ತಿದ್ದ. ಆರು ವರ್ಷ ತಾನು ಓಡಿಸಿದ ಕಾರಿನ ಗುರುತೇ ಅವನಿಗೆ ಹತ್ತಿದಂತಿರಲಿಲ್ಲ.

"ಟೀಚರ್," ಎಂದ ಮೆಲ್ಲಗೆ, "ಮೂರನೇ ಗೇರು ಯಾವಾಗ ಹಾಕ್ತಾಳೆ?"

"ನಾಲ್ಕನೇದರಲ್ಲಿದಾಳೆ," ಎಂದರು ಲೆಂಪಿ.

ಕೌಕೊ ಟ್ಯಾಂಕರಿನಿಂದ ಹಗ್ಗ ತೆಗೆದುಕೊಂಡು ಹೊಂಡದ ಕಡೆ ಹೊರಟ.